ಒಳಮಗ್ಗುಲಿನ ಲೆಕ್ಕ

ಲಂಡನ್, ಶನಿವಾರ ರಾತ್ರಿ

ಅಕ್ಕಾ,

 

ಇವತ್ತು ಪೋರ್ಟೊಬೆಲ್ಲೊ ರಸ್ತೆಯ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಅಲ್ಲೊಬ್ಬ ಅಜ್ಜಿ ವಿಕ್ಟೋರಿಯಾ ರಾಣಿ ಆಳಿದ ಕಾಲದ, ಅಂದರೆ 1837ರಿಂದ 1901ರವರೆಗಿನ ಉಡುಪುಗಳನ್ನು ಮಾರುತ್ತಾರೆ. ನಾನು ಕೊಳ್ಳುವ ಗಿರಾಕಿಯಲ್ಲ ಅಂತ ಅವರಿಗೆ ಮುಖ ನೋಡಿಯೇ ಗೊತ್ತಾಗಿರಬೇಕು. ಆದರೆ ನಮ್ಮಕ್ಕ ರಾಮನಗರದಲ್ಲಿ ಟೈಲರ್ ಅಂದೆ ನೋಡು, ನೇರಳೆ ರೇಷ್ಮೆಯ ಉಡುಪೊಂದನ್ನು ಮೇಜಿನ ಮೇಲೆ ಹರವಿ, ಒಳಮಗ್ಗುಲು ಹೊರಗೆ ಮಾಡಿಯೇಬಿಟ್ಟರು.

ದಶಕ ಗುರುತಿಸಲು ಆಕಾರವೇ ಸಾಕಂತೆ. 1840ರ ಸುಮಾರಿನದಾದರೆ ಬಿಗಿ ತೋಳು, ಜಾರಿದ ಭುಜ, ಸೊಂಟ ಮುಂದೆ ಚೂಪಾಗಿ ಇಳಿದಿರುತ್ತದೆ, ಹುಕ್ಕು ಬೆನ್ನಿಗೆ. 1856ರಲ್ಲಿ ಲಂಗದೊಳಗೆ ತೊಡುವ ಉಕ್ಕಿನ ಬಳೆಗಳ ಪಂಜರ ಬಂತು, ಘೇರು ಬಾಗಿಲಲ್ಲಿ ಹಿಡಿಸದಷ್ಟಾಯಿತು. 1870ರ ಹೊತ್ತಿಗೆ ಆ ಬಟ್ಟೆಯೆಲ್ಲ ಹಿಂದಕ್ಕೆ ಸರಿದು ಗುಪ್ಪೆಯಾಯಿತು. ನಡುವೆ ಕೆಲವು ವರ್ಷ ಮೈಗಂಟಿದ ಉಡುಪು, 1883ರಿಂದ ಮತ್ತೆ ಗುಪ್ಪೆ. 1895ರಲ್ಲಿ ನೋಡಿದರೆ ಬಟ್ಟೆಯೆಲ್ಲ ತೋಳಿಗೆ ಏರಿ ಬಲೂನಾಗಿದೆ!

ಆದರೆ ಆಕಾರವನ್ನು ಕತ್ತರಿ ಬದಲಿಸಬಲ್ಲದು. ಈ ನೇರಳೆ ಉಡುಪಿನ ರವಿಕೆಭಾಗ ನೋಡಿದರೆ ಸೊಂಟ ದುಂಡಗಿದೆ, ಗುಂಡಿ ಮುಂದಿವೆ, ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿದೆ: 1860ರ ದಶಕದ ಮೊದಲ ಭಾಗ. ಲಂಗ ನೋಡಿದರೆ ಹಿಂದೆ ಗುಪ್ಪೆ, ಅದನ್ನು ಎತ್ತಿ ಕಟ್ಟಲು ಒಳಗೆ ಪಟ್ಟಿಗಳು: 1870ರ ನಂತರದ್ದು. ಪಂಜರದ ಲಂಗಕ್ಕೆ ಗಜಗಟ್ಟಲೆ ರೇಷ್ಮೆ ಹಿಡಿದಿರುತ್ತಿತ್ತಲ್ಲ, ಫ್ಯಾಷನ್ ಬದಲಾದಾಗ ಬಿಸಾಕಲು ಯಾರಿಗೆ ಮನಸ್ಸು ಬಂದೀತು? ಬಿಚ್ಚಿ ಹೊಲಿಸಿಕೊಂಡಿದ್ದಾರೆ. ಹಳೆಯ ಮಡಿಕೆ ಬಿಚ್ಚಿದಲ್ಲಿ ಬಣ್ಣ ಇನ್ನೂ ಗಾಢ, ಪಕ್ಕದಲ್ಲಿ ಮೊದಲಿನ ಸೂಜಿಯ ತೂತುಗಳ ಸಾಲು. ಕಂಕುಳಲ್ಲಿ ಬೇರೆ ದಾರ. ನೀನು ಮದುವೆ ಹೆಣ್ಣುಗಳ ರವಿಕೆಗೆ ಮುಂದಾಲೋಚನೆಯಿಂದ ಮಾರ್ಜಿನ್ ಬಿಡುತ್ತೀಯಲ್ಲ, ಹಾಗೆ ಬಿಟ್ಟಿದ್ದನ್ನು ಯಾರೋ ಮುಂದೆ ಬಳಸಿಕೊಂಡಿದ್ದಾರೆ. ಅಜ್ಜಿ ಚೀಟಿಯಲ್ಲಿ ಎರಡು ಇಸವಿ ಬರೆದಿದ್ದರು. ನನಗದು ತುಂಬ ಹಿಡಿಸಿತು.

ಬಣ್ಣವೂ ಸಾಕ್ಷಿಯೇ, ಆದರೆ ಅರ್ಧ ಸಾಕ್ಷಿ. 1856ರಲ್ಲಿ ಇದೇ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೊರಟು, ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. ಎರಡೇ ವರ್ಷದಲ್ಲಿ ರಾಣಿ ಮಗಳ ಮದುವೆಗೆ ನೇರಳೆ ಉಟ್ಟಳು. ಹಾಗಂತ ನೇರಳೆ ಕಂಡಲ್ಲೆಲ್ಲ ಪರ್ಕಿನ್ ಹೆಸರು ಹೇಳುವಂತಿಲ್ಲ. ಕಲ್ಲುಹೂವಿನ ಜಾತಿಯವುಗಳಿಂದ ಮೊದಲೂ ನೇರಳೆ ತೆಗೆಯುತ್ತಿದ್ದರು. ಮೆಷಿನ್ ಹೊಲಿಗೆಯೂ ಹಾಗೆಯೇ. ಅದಿದ್ದರೆ 1850ರ ಈಚೆಯದು ಅನ್ನಬಹುದು, ಇಲ್ಲದಿದ್ದರೆ ಏನೂ ಹೇಳಲಾಗದು. ಮೆಷಿನ್ ಬಂದ ಮೇಲೂ ಲಂಗದ ಉದ್ದ ಹೊಲಿಗೆಯನ್ನಷ್ಟೇ ಅದಕ್ಕೆ ಬಿಟ್ಟು, ಹುಕ್ಕು, ಲೇಸು, ಹೆಮ್ಮಿಂಗನ್ನು ಕೈಯಲ್ಲೇ ಮಾಡುತ್ತಿದ್ದರು. ನೀನು ಈಗಲೂ ಅದನ್ನೇ ಮಾಡುತ್ತೀಯ.

ಒಂದು ಕಪ್ಪು ಉಡುಪನ್ನು ಮಾತ್ರ ಅಜ್ಜಿ ಮುಟ್ಟಲು ಬಿಡಲಿಲ್ಲ. ಶತಮಾನದ ಕೊನೆಯ ಭಾಗದ್ದು. ಸೊಂಟದ ಒಳಪಟ್ಟಿಯ ಮೇಲೆ ಹೊಲಿದವರ ಹೆಸರು, ವಿಳಾಸ ಚಿನ್ನದ ಅಕ್ಷರದಲ್ಲಿವೆ. ಅಂಗಡಿ ಆ ಬೀದಿಯಲ್ಲಿ ಯಾವ ವರ್ಷ ಇತ್ತು ಅಂತ ಹಳೆಯ ಡೈರೆಕ್ಟರಿ ನೋಡಿ ಇಸವಿ ಹಿಡಿಯುತ್ತಾರಂತೆ. ರೇಷ್ಮೆ ಮಾತ್ರ ಉದ್ದುದ್ದ ಸೀಳಿದೆ. ಅಂಟು ತೆಗೆದರೆ ರೇಷ್ಮೆಯ ತೂಕ ಕಾಲು ಭಾಗದಷ್ಟು ಇಳಿಯುವುದು ನಮ್ಮೂರಿನವರಿಗೆ ಹೇಳಿಕೊಡಬೇಕೆ? ಇಲ್ಲಿನವರು ಆ ನಷ್ಟ ತುಂಬಲು ತವರದ ಲವಣ ಕುಡಿಸುತ್ತಿದ್ದರು. ಬಟ್ಟೆಗೆ ತೂಕ, ಸರಸರ ಸದ್ದು ಎಲ್ಲ ಬಂತು, ಆಯಸ್ಸು ಹೋಯಿತು. ಅದಕ್ಕಿಂತ ಹಳೆಯ ನೇರಳೆ ಪಕ್ಕದಲ್ಲೇ ಗಟ್ಟಿಮುಟ್ಟಾಗಿತ್ತು.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರು 2025ರಲ್ಲಿ ಊರಿನ ಪೂರ್ವಕ್ಕೆ ತಮ್ಮ ಉಗ್ರಾಣವನ್ನೇ ಜನರಿಗೆ ತೆರೆದಿದ್ದಾರೆ. ಮೊದಲೇ ಕೇಳಿಕೊಂಡರೆ ಬೇಕಾದ ವಸ್ತುವನ್ನು ತೆಗೆದು ತೋರಿಸುತ್ತಾರೆ. 1840ರ ದಶಕದ್ದೊಂದು ಕೇಳಿದ್ದೇನೆ. ಸೊಂಟದ ನೆರಿಗೆ, ತೋಳಿನ ಪೈಪಿಂಗ್ ನೋಡುವುದು ನನಗೆ ಹೊಳೆದಿದೆ. ಟೈಲರಾದವಳು ಇನ್ನೇನು ನೋಡುತ್ತಾಳೆ ಅಂತ ಬೇಗ ಬರೆದು ಕಳಿಸು.

ನಿನ್ನ ತಂಗಿ