ಅಪ್ಪನ ಯೆಜ್ಡಿ ಮತ್ತು ಇ20

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಅಪ್ಪನ ಯೆಜ್ಡಿ ರೋಡ್‌ಕಿಂಗ್, ಅವರು ಹೋದ ಮೇಲೆ, ಕಲಬುರಗಿಯಿಂದ ನಾಸಿಕಕ್ಕೆ ನನ್ನ ಜೊತೆ ಬಂತು. ಪಿಕಪ್ ಹೆಚ್ಚಲಿ ಅಂತ ಊರಿನ ಗ್ಯಾರೇಜಿನವರು ಯಾವಾಗಲೋ ಅದರ ಸಿಲಿಂಡರ್ ಹೆಡ್ಡನ್ನು ಲೇತಿನಲ್ಲಿ ತುರಿಸಿದ್ದರು. ಪಿಕಪ್ ಹೆಚ್ಚಿತ್ತು ಕೂಡ.

ಆದರೆ ಮೇ ತಿಂಗಳ ಬಿಸಿಲಲ್ಲಿ ಮಾಲೇಗಾಂವ್‌ನಿಂದ ಮರಳುವಾಗ, ರಾಹೂಡ್ ಘಾಟಿನ ಏರಿನಲ್ಲಿ ಟಕಟಕ ಸದ್ದು. ಸಿಲಿಂಡರ್ ಕೊನೆಯ ಓವರ್‌ಸೈಜಿಗೆ ಬಂದು ನಿಂತಿದೆ. ಪಿಸ್ಟನ್ ಒಮ್ಮೆ ಹಿಡಿದರೆ ಮತ್ತೆ ಬೋರ್ ಮಾಡಿಸಲು ಲೋಹವೇ ಉಳಿದಿಲ್ಲ.

ಎಂ.ಟೆಕ್‌ನಲ್ಲಿ ಥರ್ಮಲ್ ಓದಿ ಐಟಿಯಲ್ಲಿ ಪ್ರಾಜೆಕ್ಟ್ ಪ್ಲಾನ್ ತಿದ್ದುವವನಿಗೆ ಇಂಥ ಸಂದರ್ಭ ಸಿಗುವುದು ಅಪರೂಪ! ಬೆಂಕಿ ಹರಡಲು ಸಮಯ ಬೇಕು. ಅದಕ್ಕೇ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸುತ್ತಾರೆ. ಹೆಚ್ಚು ಅದುಮಿದ ಮಿಶ್ರಣ ಬೇಗ ಉರಿಯುತ್ತದೆ. ಹಾಗಾಗಿ ಕಂಪ್ರೆಶನ್ ಏರಿಸಿದವರು ಕಿಡಿಯನ್ನು ತುಸು ತಡ ಮಾಡಬೇಕು. ಊರಿನವರು ಮಾಡಿರಲಿಲ್ಲ. ಜ್ವಾಲೆ ತಲುಪುವ ಮುಂಚೆಯೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತಿತ್ತು. ನಾಕಿಂಗ್ ಅನ್ನುವುದು ಇದನ್ನೇ.

ಬಂಕಿನ ಪೆಟ್ರೋಲೇ ಕಳಪೆ ಅನ್ನೋದು ನಮ್ಮ ವಾಟ್ಸಾಪ್ ಗುಂಪಿನ ತೀರ್ಪು. ನಾನು ಒಪ್ಪುವುದಿಲ್ಲ. ಬಿಎಸ್-2 ಪೆಟ್ರೋಲಿನ ಆಕ್ಟೇನ್ 88 ಇತ್ತು, ಬಿಎಸ್-3ರಲ್ಲಿ 91 ಆಯಿತು, ಈಗಿನ ಇ20ಗೆ 95. ನಾಕಿಂಗ್ ತಡೆಯುವ ಗುಣ ಹೆಚ್ಚೇ ಆಗಿದೆ. ತೊಡಕಿರುವುದು ಕಾರ್ಬುರೇಟರಿನಲ್ಲಿ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹೊಸ ಗಾಡಿಗಳ ಕಂಪ್ಯೂಟರ್ ಅದನ್ನು ಅರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. ಹಳೇ ಜೆಟ್‌ಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ. ಕಾದ ಎಂಜಿನ್ನಿನಲ್ಲಿ ನಾಕಿಂಗ್ ಇನ್ನೂ ಸುಲಭ.

ಮಾಲೇಗಾಂವ್‌ನ ಮೆಕ್ಯಾನಿಕ್ ಚಾಚಾ ಪವರ್‌ಲೂಮ್‌ಗಳ ಖಟಖಟದ ನಡುವೆ ಕೂತೇ ಎಂಜಿನ್ನಿನ ಸದ್ದು ಹಿಡಿಯುವವರು. ನನ್ನ ಕಲಬುರಗಿಯ ದಖನಿ ಕೇಳಿ ನಕ್ಕರು.

"ಚಾಚಾ, ಟೈಮಿಂಗ್ ಹಿಂದಕ್ಕೆ ಹಾಕಿದರೆ ಸಾಕಾ?"

"ಸದ್ದು ನಿಲ್ಲುತ್ತೆ ಸಾಬ್. ಆದರೆ ಬಿಸಿ ಎಲ್ಲಿಗೆ ಹೋಗುತ್ತೆ? ಸೈಲೆನ್ಸರಿಗೆ."

ಪುಸ್ತಕದಲ್ಲೂ ಇರುವುದು ಇದೇ: ಕಿಡಿ ತಡವಾದಷ್ಟೂ ಶಕ್ತಿ ಕೆಲಸಕ್ಕೆ ಬಾರದೆ ಹೊಗೆಯ ಜೊತೆ ಹೊರಹೋಗುತ್ತದೆ. ಹೆಡ್ಡಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಕೂರಿಸಿ ಚಾಚಾ ಮೊದಲು ಕಂಪ್ರೆಶನ್ ಇಳಿಸಿದರು. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದರು. ಕೊನೆಗೆ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಮಾಡಿ, ಪ್ಲಗ್ ತೂತಿನಲ್ಲಿ ಗೇಜ್ ಇಳಿಸಿ, ಟೈಮಿಂಗನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರು. ಈ ಕೆಲಸದಲ್ಲಿ ಅನುಕ್ರಮವೇ ಮುಖ್ಯ. ನಮ್ಮ ಆಫೀಸಿನಲ್ಲಾಗಿದ್ದರೆ ಮೂರೂ ತಂಡಗಳು ಒಟ್ಟಿಗೇ ಕೈ ಹಾಕುತ್ತಿದ್ದವು.

ಅಪ್ಪನ ಕಾಲದ ಆ ಪಿಕಪ್ ಈಗಿಲ್ಲ. ಬಿಳಿಚಿಕೊಂಡಿದ್ದ ಪ್ಲಗ್ಗಿನ ತುದಿ ತಿಳಿಗಂದಾಗಿದೆ. ಐನೂರು ಕಿಲೋಮೀಟರ್ ಆದ ಮೇಲೆ ಬಿಚ್ಚಿ ತೋರಿಸಬೇಕಂತೆ.