ಅಂಡಮಾನಿನಲ್ಲಿ ಒಂದು ಕ್ರಿಸ್ಮಸ್

ಶ್ರೀಶೈಲ, ಕೂಡಲಸಂಗಮ, ಉಳವಿಗಳನ್ನು ಹಲವು ಸಲ ಕಂಡಿದ್ದ ನಮಗೆ ಕಡಲು ದಾಟುವ ಯೋಗ ಒದಗಿದ್ದು ಕಳೆದ ಡಿಸೆಂಬರಿನಲ್ಲಿ. ಮಗನಿಗೂ ಸೊಸೆಗೂ ಒಟ್ಟಿಗೆ ರಜೆ ದೊರೆಯುವುದು ಕ್ರಿಸ್ಮಸ್ ಸಮಯದಲ್ಲಿ ಮಾತ್ರ. ಅವರು ಆರಿಸಿದ್ದು ಅಂಡಮಾನನ್ನು. ಅತ್ತಿಗುಪ್ಪೆಯ ಮನೆಯ ಪೂಜಾಕೋಣೆಯನ್ನು ಬಿಟ್ಟು ಆರು ದಿನ ಇರುವುದೆಂತು ಎಂದು ನಾವು ಅಳುಕಿದೆವು. “ತಾತ, ಲಿಂಗದೇವರು ನಿಮ್ಮ ಎದೆಯ ಮೇಲೇ ಇದ್ದಾರಲ್ಲ, ಅಲ್ಲಿಗೂ ಬರ್ತಾರೆ” ಎಂದಳು ಮೊಮ್ಮಗಳು. ಮಠದಲ್ಲಿ ಹತ್ತು ವರ್ಷ ಓದಿದ್ದನ್ನು ಮಗು ಒಂದು ಮಾತಿನಲ್ಲಿ ಹೇಳಿತು.

ಬೆಂಗಳೂರಿನಿಂದ ವಿಮಾನವು ಸುಮಾರು 3 ಗಂಟೆಗಳಲ್ಲಿ ಪೋರ್ಟ್ ಬ್ಲೇರನ್ನು ಮುಟ್ಟುತ್ತದೆ. 2024ರಿಂದ ಈ ಊರಿನ ಹೆಸರು ಶ್ರೀ ವಿಜಯಪುರಂ. ಡಿಸೆಂಬರಿನಲ್ಲೂ ಅಲ್ಲಿ ಸೆಕೆ; ತೆಂಗು, ಅಡಿಕೆ, ಬಾಳೆಗಳ ಹಸಿರು. ಗಡಿಯಾರ ನಮ್ಮದೇ ಆದರೂ ಸೂರ್ಯ ನಮ್ಮವನಲ್ಲ. ಸಂಜೆ ಐದರ ಹೊತ್ತಿಗೆ ಮುಳುಗಿಬಿಡುತ್ತಾನೆ. ನಮ್ಮ ಸಂಜೆಯ ಪೂಜೆಯನ್ನು ಒಂದು ಗಂಟೆ ಹಿಂದಕ್ಕೆ ತಂದುಕೊಂಡೆವು.

24ರಂದು ಸೆಲ್ಯುಲರ್ ಜೈಲನ್ನು ನೋಡಿದೆವು. 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿದ ಈ ಸೆರೆಮನೆಗೆ ಏಳು ಸಾಲುಗಳಿದ್ದವು. ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದಾರೆ. ಒಬ್ಬ ಬಂದಿ ಮತ್ತೊಬ್ಬನ ಮುಖವನ್ನು ಕಾಣಬಾರದು, ಅಷ್ಟೇ ಉದ್ದೇಶ. ಮನುಷ್ಯನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆಯುಂಟೆ ಎಂದು ಮರುಗುತ್ತ ಹೊರಬಂದೆವು.

ನಾವು ಇಳಿದುಕೊಂಡಿದ್ದ ಚಿಕ್ಕ ವಸತಿಗೃಹದ ಒಡತಿ ರಾಂಚಿಯ ಕಡೆಯ ಕ್ರೈಸ್ತ ಮನೆತನದವರು. ಛೋಟಾ ನಾಗಪುರದಿಂದ 1918ರಿಂದೀಚೆಗೆ ಕಾಡು ಕಡಿಯುವ ಕೆಲಸಕ್ಕೆಂದು ಕರೆತಂದ ಆದಿವಾಸಿಗಳ ಸಂತತಿಯನ್ನು ದ್ವೀಪದಲ್ಲಿ ಇಂದಿಗೂ ‘ರಾಂಚಿಯವರು’ ಎನ್ನುತ್ತಾರೆ. ಅಂಗಳದಲ್ಲಿ ಕಾಗದದ ನಕ್ಷತ್ರದೀಪ ತೂಗುತ್ತಿತ್ತು. “ನಾಳೆ ಹಬ್ಬದೂಟ ನಮ್ಮಲ್ಲೇ. ನಿಮಗಾಗಿ ಬೇರೆ ಪಾತ್ರೆಯಲ್ಲಿ ಶಾಕಾಹಾರ ಮಾಡಿಸುತ್ತೇನೆ” ಎಂದು ಆ ತಾಯಿ ಹಿಂದಿಯಲ್ಲಿ ಕರೆದರು. ಬಾಲ್ಯದಿಂದ ಮಠದ ಪಂಕ್ತಿಯಲ್ಲಿ ಉಂಡು ಬೆಳೆದ ನಮಗೆ ನಾಲಗೆ ತಡವರಿಸಿತು. “ಪೂಜೆಯಿದೆ, ಬಿಡುವಾಗದು” ಎಂದುಬಿಟ್ಟೆವು. ಮರುದಿನ ಮಧ್ಯಾಹ್ನ ಕೋಣೆಯಲ್ಲಿ ಮನೆಯಿಂದ ತಂದ ಅವಲಕ್ಕಿಯನ್ನು ತಿನ್ನುತ್ತಿದ್ದಾಗ ಕೆಳಗಿನಿಂದ ಹಾಡು, ನಗು ಕೇಳಿಬರುತ್ತಿತ್ತು. “ತಾತ, ಪೂಜೆ ಬೆಳಿಗ್ಗೆಯೇ ಮುಗೀತಲ್ಲ?” ಎಂದಳು ಮೊಮ್ಮಗಳು. ಉತ್ತರವಿರಲಿಲ್ಲ. ಲಿಂಗವನ್ನು ನಾವು ನೆಪವಾಗಿ ಬಳಸಿಕೊಂಡಿದ್ದೆವು.

26ರ ನಸುಕಿನಲ್ಲಿ ಎದ್ದಾಗ ನಕ್ಷತ್ರದೀಪ ಆರಿತ್ತು. ಒಡತಿ ಅಂಗಳದ ಮೂಲೆಯಲ್ಲಿ ಒಂದು ಮೇಣದಬತ್ತಿ ಹಚ್ಚಿ ಕುಳಿತಿದ್ದರು. 2004ರ ಇದೇ ದಿನ, ಹಬ್ಬದ ಮರುಬೆಳಗು, ಆರೂವರೆಯ ಹೊತ್ತಿಗೆ ನೆಲ ನಡುಗಿ ಕಡಲು ಉಕ್ಕಿತ್ತು. ನಿಕೋಬಾರ್ ದ್ವೀಪಗಳಲ್ಲಿ ಹಳ್ಳಿಗಳೇ ಕೊಚ್ಚಿಹೋದವು. ದೇಶದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟಿನಲ್ಲಿ ನೆಲವು 4 ಮೀಟರಿಗೂ ಹೆಚ್ಚು ಕುಸಿದು, ದೀಪಸ್ತಂಭದ ಬುಡಕ್ಕೆ ನೀರು ಬಂದಿತು. ಕಾರ್ ನಿಕೋಬಾರಿನಲ್ಲಿ ಕೆಲಸಕ್ಕಿದ್ದ ಆಕೆಯ ಅಣ್ಣ ಮರಳಲಿಲ್ಲ. “ಅದಕ್ಕೇ 25ರಂದು ಯಾರನ್ನೂ ಬಿಡದೆ ಕರೆದು ಉಣಿಸುತ್ತೇನೆ, ಬಾಬಾ. ನಾಳೆ ಯಾರು ಇರುತ್ತಾರೋ!” ಎಂದರು.

ನಾವು ತಲೆತಗ್ಗಿಸಿದೆವು. ಲಿಂಗ ನಮ್ಮೊಡನಿದ್ದರೆ ಯಾವ ಊರೂ ಪರವೂರಲ್ಲ ಎಂದು ನಲವತ್ತು ವರ್ಷ ಪ್ರವಚನ ಮಾಡಿದವರಿಗೆ ಒಂದು ಮನೆ ಮಾತ್ರ ಪರರದಾಯಿತೇಕೆ? ಜೈಲಿನ ಗೋಡೆಯನ್ನು ಕಂಡು ಮರುಗಿದ ನಾವು ಅಂಥದೇ ಗೋಡೆಯನ್ನು ಎದೆಯಲ್ಲಿ ಹೊತ್ತು ತಂದಿದ್ದೆವಲ್ಲ! ಸ್ನಾನ, ಲಿಂಗಪೂಜೆಗಳನ್ನು ಮುಗಿಸಿ ಕೆಳಗಿಳಿದು, “ತಾಯಿ, ನಿನ್ನೆಯ ಹಬ್ಬದ್ದು ಏನಾದರೂ ಉಳಿದಿದೆಯೆ?” ಎಂದು ನಾವೇ ಬೇಡಿದೆವು. ಆಕೆಯ ಮುಖವರಳಿತು. ತಟ್ಟೆಯಲ್ಲಿ ‘ಅರ್ಸಾ’ ತಂದಿಟ್ಟರು. ಅಕ್ಕಿಹಿಟ್ಟು, ಬೆಲ್ಲ ಕಲಸಿ ಕರಿದದ್ದು. ಬಾಯಿಗಿಟ್ಟರೆ ನಮ್ಮ ತಾಯಿ ದೀಪಾವಳಿಗೆ ಮಾಡುತ್ತಿದ್ದ ಕಜ್ಜಾಯವೇ!

ಮನೆಗೆ ಬಂದವರನ್ನು ತನ್ನವರೆಂದೇ ಎಣಿಸಬೇಕೆಂದು ಬಸವಣ್ಣನವರು ಕಲಿಸಿದರು. ಕರೆದವರ ಮನೆಯನ್ನು ತನ್ನದೆಂದು ಎಣಿಸುವುದೂ ಅದೇ ಪಾಠದ ಉಳಿದರ್ಧವೆಂಬುದು ನಮಗೆ ತಿಳಿದದ್ದು ಕಡಲಾಚೆಯ ಅಂಗಳದಲ್ಲಿ. ಈ ವರ್ಷ ದೀಪಾವಳಿಗೆ ನಮ್ಮ ಬೀದಿಯ ಕ್ರೈಸ್ತ ಕುಟುಂಬವನ್ನು ಊಟಕ್ಕೆ ಕರೆಯಬೇಕೆಂದಿದ್ದೇವೆ. ಹನ್ನೆರಡು ವರ್ಷಗಳಿಂದ ಅವರು ನಮ್ಮ ನೆರೆಯವರು; ಕರೆಯುವುದು ಇದೇ ಮೊದಲು.