ಅರ್ಧಕ್ಕೆ ಬಿಟ್ಟವರ ಪುಟ ಎಲ್ಲಿ?

ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳು ಕೂಡಿ ಶಾಲೆಗೊಂದು ಜಾಲತಾಣವನ್ನು ಕಟ್ಟುತ್ತಿರುವ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಕೆಲವರು ಹಳೆಯ ಛಾಯಾಚಿತ್ರಗಳನ್ನೂ ಕಳುಹಿಸಿದ್ದೀರಿ. 'ಇನ್ನೂ ಏಕೆ ಕಾಣಿಸುತ್ತಿಲ್ಲ ಸರ್?' ಎಂದು ಕೇಳುವವರಿಗಾಗಿ ಈ ಬರಹ. ವಿಳಂಬಕ್ಕೆ ಯಂತ್ರ ಕಾರಣವಲ್ಲ. ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು ಸ್ಥಾಪಿಸಲು ಅರ್ಧ ಗಂಟೆ ಸಾಕಾಯಿತು. ಯಾವುದನ್ನು ಎಲ್ಲಿಡಬೇಕೆಂದು ನಿರ್ಧರಿಸುವುದಕ್ಕೆ ಎರಡು ತಿಂಗಳು ಹಿಡಿಯಿತು.

ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನಮ್ಮ ಹುಡುಗನೊಬ್ಬ ಮೊದಲ ದಿನವೇ ಒಂದು ವೃಕ್ಷದ ಚಿತ್ರವನ್ನು ಬರೆದು ತಂದಿದ್ದ. ತುದಿಯಲ್ಲಿ ಮುಖಪುಟ, ಅದರ ಕೆಳಗೆ ಶಾಲೆಯ ಇತಿಹಾಸ, ಅಧ್ಯಾಪಕರು, ವಿದ್ಯಾರ್ಥಿಗಳು, ಚಿತ್ರಸಂಪುಟ, ಸಂಪರ್ಕ. ವಿದ್ಯಾರ್ಥಿಗಳ ಕೊಂಬೆಯಿಂದ ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ವರ್ಷಗಳು ಕವಲೊಡೆದಿದ್ದವು, ಆಯಾ ವರ್ಷದ ಕೆಳಗೆ ಹೆಸರುಗಳು. ಇಂಥ ಚಿತ್ರಕ್ಕೆ ಸೈಟ್‌ಮ್ಯಾಪ್ ಎನ್ನುತ್ತಾರೆ. (ಇದೇ ಹೆಸರಿನ ಇನ್ನೊಂದು ವಸ್ತುವೂ ಉಂಟು. ಹುಡುಕಾಟದ ಯಂತ್ರಗಳಿಗಾಗಿ ತಾಣದ ಎಲ್ಲ ವಿಳಾಸಗಳನ್ನೂ ಪಟ್ಟಿ ಮಾಡುವ ಕಡತ ಅದು. ಗೂಗಲ್ 2005ರಲ್ಲಿ ಅದರ ಕ್ರಮವನ್ನು ರೂಪಿಸಿತು. ಮರುವರ್ಷ ಯಾಹೂ ಮತ್ತು ಮೈಕ್ರೋಸಾಫ್ಟ್ ಒಪ್ಪಿಕೊಂಡವು. 2020ರಲ್ಲಿ ಬಂದ 5.5ನೆಯ ಆವೃತ್ತಿಯಿಂದ ವರ್ಡ್‌ಪ್ರೆಸ್ ಅದನ್ನು ತಾನೇ ಸಿದ್ಧಪಡಿಸುತ್ತದೆ. ಅದರ ಚಿಂತೆ ನಮಗಿಲ್ಲ. ಮನುಷ್ಯರಿಗಾಗಿ ಬರೆಯುವ ಚಿತ್ರವನ್ನು ವರ್ಡ್‌ಪ್ರೆಸ್ ತಾನಾಗಿ ಬರೆದುಕೊಡದು.)

ಹುಡುಗನ ಚಿತ್ರ ಅಚ್ಚುಕಟ್ಟಾಗಿತ್ತು. ಆದರೂ ಈ ವಿದ್ಯೆಯಲ್ಲಿ ಒಂದು ಪರೀಕ್ಷೆಯಿದೆಯೆಂದು ಅವನೇ ಹೇಳಿದ. ತಾಣದಲ್ಲಿ ಬರಬೇಕಾದ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅದನ್ನು ಬಳಸುವವರ ಮುಂದೆ ಹರಡಿ, 'ಒಟ್ಟಿಗೆ ಇರಬೇಕಾದವನ್ನು ಒಟ್ಟಿಗೆ ಇಡಿ' ಎಂದು ಕೇಳುವುದು. ಅವರು ಇಡುವಾಗ ನಾವು ಬಾಯಿ ಹಾಕಬಾರದು. ಮೇಷ್ಟರಾದವರಿಗೆ ಇದು ಕಠಿಣ ವ್ರತ! ಹಳೆಯ ಮದುವೆಯ ಕರೆಯೋಲೆಗಳನ್ನು ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಅರವತ್ತು ಚೀಟಿಗಳನ್ನು ಬರೆದೆ.

ಮೊದಲು ಕುಳಿತವರು ನನ್ನ ಅತ್ತಿಗೆ. ಅವರು ಫೋಟೋಗಳನ್ನೆಲ್ಲ ಒಂದು ಕಡೆ, ಉಳಿದದ್ದನ್ನು ಇನ್ನೊಂದು ಕಡೆ ಇಟ್ಟು ಕಾಫಿಗೆ ಎದ್ದರು. ಎರಡನೆಯವರು ಶಾಲೆಯಲ್ಲಿ ಬಹುಕಾಲ ಗಂಟೆ ಬಾರಿಸಿ ನಿವೃತ್ತರಾದ ಅಟೆಂಡರು. ಅವರು ವರ್ಷಗಳ ಚೀಟಿಗಳನ್ನು ಮುಟ್ಟಲೇ ಇಲ್ಲ. ಹೆಸರುಗಳನ್ನು ಊರಿನ ಪ್ರಕಾರ ಜೋಡಿಸತೊಡಗಿದರು: ಹೊಳೆಯಾಚೆಯಿಂದ ಬರುತ್ತಿದ್ದವರು, ಹಾಸ್ಟೆಲಿನವರು, ಮೊದಲ ಬಸ್ಸಿನವರು. ಸ್ವಲ್ಪ ಹೊತ್ತಿನಲ್ಲಿ ಕೈ ನಿಲ್ಲಿಸಿ, "ಒಂಬತ್ತಕ್ಕೇ ಬಿಟ್ಟೋರ ಚೀಟಿ ಎಲ್ಲೈತೆ ಸಾರ್?" ಎಂದರು.

ಅಂಥ ಚೀಟಿಯೇ ಇರಲಿಲ್ಲ. ತೇರ್ಗಡೆಯಾದ ವರ್ಷವೇ ಕೊಂಬೆಯಾದ ಮೇಲೆ ತೇರ್ಗಡೆಯಾಗದವನು ಕುಳಿತುಕೊಳ್ಳುವುದೆಲ್ಲಿ? ಎಂಟನೆಯ ತರಗತಿಯಲ್ಲಿ ಮದುವೆಯಾಗಿ ಹೋದ ಹುಡುಗಿಯರು, ಅಪ್ಪ ತೀರಿಕೊಂಡು ಬೇಸಾಯಕ್ಕೆ ನಿಂತ ಹುಡುಗರು, ಗಣಿತದಲ್ಲಿ ಎರಡು ಬಾರಿ ಡುಮ್ಕಿ ಹೊಡೆದು ಮತ್ತೆ ಇತ್ತ ತಲೆಹಾಕದವರು, ಇವರಲ್ಲಿ ಒಬ್ಬರಿಗೂ ಆ ವೃಕ್ಷದಲ್ಲಿ ಎಡೆಯಿಲ್ಲ. ಯಾರೂ ಅವರನ್ನು ಹೊರಗಿಡಬೇಕೆಂದು ಎಣಿಸಿರಲಿಲ್ಲ. ವಿಂಗಡಣೆಯೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿತ್ತು. 'ಇತರರು ಎಂದು ಒಂದು ಪುಟ ಮಾಡಿದರಾಯಿತು' ಎಂಬ ಸಲಹೆಯೂ ಬಂತು. ಅದಕ್ಕೆ ನಾನು ಒಪ್ಪಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರಿಸಿದವರನ್ನು ಇಷ್ಟು ವರ್ಷಗಳ ಮೇಲೆ ಕರೆದು ಮತ್ತೆ ಹಿಂದಿನ ಬೆಂಚನ್ನೇ ತೋರಿಸುವುದು ನನ್ನಿಂದಾಗದು.

ಆಗ ನೆನಪಾದವರು ಎಸ್.ಆರ್. ರಂಗನಾಥನ್. ಅವರೂ ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡರು. ಡ್ಯೂಯಿಯವರ 1876ರ ದಶಮಾಂಶ ಪದ್ಧತಿಯಲ್ಲಿ ಪ್ರತಿಯೊಂದು ಪುಸ್ತಕಕ್ಕೂ ಮರದಲ್ಲಿ ಮೊದಲೇ ಗೊತ್ತುಮಾಡಿದ ಒಂದು ಕೊಂಬೆ. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಜೋಡಣೆಯ ಆಟಿಕೆಯನ್ನು ಕಂಡ ರಂಗನಾಥನ್ನರಿಗೆ ಬೇರೆಯೇ ಹೊಳೆಯಿತು. ಕೆಲವೇ ಬಗೆಯ ಪಟ್ಟಿಗಳಿಂದ ಎಷ್ಟೋ ಬಗೆಯ ಗೊಂಬೆಗಳನ್ನು ಕಟ್ಟಬಹುದಾದರೆ, ಕೆಲವೇ ಮುಖಗಳನ್ನು ಕೂಡಿಸಿ ಯಾವ ವಿಷಯವನ್ನಾದರೂ ಏಕೆ ಗುರುತಿಸಬಾರದು? 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ ಹುಟ್ಟಿದ್ದು ಹೀಗೆ. ಮುಂದೆ ಆ ಮುಖಗಳನ್ನು ಅವರು ಐದಕ್ಕೆ ಇಳಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಇಂದಿನ ಅಂತರ್ಜಾಲದ ಅಂಗಡಿಯಲ್ಲಿ ಬಣ್ಣ, ಬೆಲೆ, ಅಳತೆ ಎಂದು ಬೇರೆಬೇರೆಯಾಗಿ ಆರಿಸಿ ಸೀರೆ ಹುಡುಕುವವರು ಅವರ ಹಾದಿಯಲ್ಲೇ ನಡೆಯುತ್ತಿದ್ದಾರೆ.

ಅದರಂತೆ ನಮ್ಮ ಮರವನ್ನು ಗಿಡ್ಡ ಮಾಡಿದೆವು. ವಿದ್ಯಾರ್ಥಿಗಳ ಪುಟಗಳೆಲ್ಲ ಈಗ ಒಂದೇ ಸಾಲಿನಲ್ಲಿವೆ, ಯಾರೂ ಯಾವ ವರ್ಷದ ಅಡಿಯಲ್ಲೂ ಇಲ್ಲ. ಪ್ರತಿಯೊಬ್ಬರಿಗೂ ಶಾಲೆಗೆ ಸೇರಿದ ವರ್ಷ, ಊರು ಎಂಬ ಎರಡು ಗುರುತುಗಳು. ಸೇರಿದ ವರ್ಷ ಎಲ್ಲರಿಗೂ ಇದ್ದೇ ಇದೆ. ವರ್ಡ್‌ಪ್ರೆಸ್‌ನಲ್ಲಿ ಇಂಥ ಗುರುತುಗಳನ್ನು ನಮಗೆ ಬೇಕಾದಂತೆ ಸೃಷ್ಟಿಸಿಕೊಳ್ಳಬಹುದು. ಒಂದೇ ಪುಟ ಎರಡು ಪಟ್ಟಿಗಳಲ್ಲೂ ಕಾಣಿಸುತ್ತದೆ. ಅಟೆಂಡರು ಊರಿನಿಂದ ಹುಡುಕಲಿ, ಬೆಂಗಳೂರಿನವರು ವರ್ಷದಿಂದ ಹುಡುಕಲಿ.

ವಿಳಾಸದ ವಿಷಯದಲ್ಲಿ ಇನ್ನೊಂದು ತೊಡಕು ಎದುರಾಯಿತು. ಕನ್ನಡದ ಒಂದೊಂದು ಸಂಕೇತವೂ ಜಾಲದ ವಿಳಾಸದೊಳಗೆ ಒಂಬತ್ತು ರೋಮನ್ ಚಿಹ್ನೆಗಳಾಗುತ್ತದೆ. 'ವಿದ್ಯಾರ್ಥಿ' ಎಂಬ ಪದವನ್ನೇ ತೆಗೆದುಕೊಳ್ಳಿ: ಒತ್ತು, ಗುಣಿತಗಳೂ ಸೇರಿ ಹತ್ತು ಸಂಕೇತ, ಅಂದರೆ ತೊಂಬತ್ತು ಚಿಹ್ನೆ! ವರ್ಡ್‌ಪ್ರೆಸ್ ಪುಟದ ಹೆಸರಿಗೆ ಕೊಡುವ ಜಾಗ ಇನ್ನೂರು. ಮನಸ್ಸಿಲ್ಲದ ಮನಸ್ಸಿನಿಂದ ವಿಳಾಸಗಳನ್ನು ರೋಮನ್ ಲಿಪಿಯಲ್ಲಿಟ್ಟೆವು; ಶೀರ್ಷಿಕೆಗಳೆಲ್ಲ ಕನ್ನಡದಲ್ಲಿಯೇ ಇವೆ. ಒಮ್ಮೆ ಕೊಟ್ಟ ವಿಳಾಸವನ್ನು ಮುಂದೆ ಬದಲಿಸಬಾರದೆಂದೂ ನಿರ್ಧರಿಸಿದ್ದೇವೆ. ಯಾರೋ ಅದನ್ನು ಮೊಮ್ಮಗನಿಗೆ ಕಳುಹಿಸಿರುತ್ತಾರೆ, ಆತ ತೆರೆದಾಗ 'ಪುಟ ಸಿಗಲಿಲ್ಲ' ಎಂದು ಬರಬಾರದು.

ಈಗ ಶಾಲೆಯ ಅನುಮತಿಯೊಂದಿಗೆ ದಾಖಲಾತಿ ಪುಸ್ತಕದಿಂದ ಹೆಸರುಗಳನ್ನು ಏರಿಸುವ ಕೆಲಸ ನಡೆದಿದೆ. ಹೆಸರು, ಊರು, ಸೇರಿದ ವರ್ಷ, ಇಷ್ಟೇ. ಹುಟ್ಟಿದ ದಿನಾಂಕ, ಜಾತಿ, 'ಶಾಲೆ ಬಿಟ್ಟ ಕಾರಣ' ಎಂಬ ಅಂಕಣಗಳನ್ನು ಪುಸ್ತಕದಲ್ಲಿಯೇ ಬಿಟ್ಟಿದ್ದೇವೆ. ಪ್ರಕಟಿಸುವ ಮೊದಲು ಸಿಕ್ಕವರನ್ನೆಲ್ಲ ಕೇಳುತ್ತಿದ್ದೇವೆ. ತಮ್ಮ ಹೆಸರು ಬೇಡವೆನ್ನುವವರು ಯಾವಾಗ ತಿಳಿಸಿದರೂ ತೆಗೆದುಹಾಕುತ್ತೇವೆ. ಹೊಳೆಯಾಚೆಯ ಊರುಗಳವರ ಪೈಕಿ ಅನೇಕರ ಸುಳಿವಿಲ್ಲ. ಬಲ್ಲವರು ಬರೆಯಿರಿ.